ಫೆನಿಟಾಯಿನ್: ಮೂರ್ಛೆ ತಡೆಯುವ ಮಾತ್ರೆಗೆ ಅಳತೆಯೇ ಆಧಾರ

ಮೂರ್ಛೆ ರೋಗಕ್ಕೆ ಬಳಕೆಯಲ್ಲಿರುವ ಹಳೆಯ, ಅಗ್ಗದ ಹಾಗೂ ಪರಿಣಾಮಕಾರಿ ಔಷಧಗಳಲ್ಲಿ ಫೆನಿಟಾಯಿನ್ ಪ್ರಮುಖವಾದುದು. ‘ಎಪ್ಟಾಯಿನ್’, ‘ಡೈಲಾಂಟಿನ್’ ಮೊದಲಾದ ಹೆಸರುಗಳಿಂದ ಇದು ಪರಿಚಿತ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿಯೂ ಭಾರತದ ರಾಷ್ಟ್ರೀಯ ಪಟ್ಟಿಯಲ್ಲಿಯೂ ಇದಕ್ಕೆ ಸ್ಥಾನವಿದೆ. ಆದರೆ ಈ ಮಾತ್ರೆಯ ಒಂದು ಸ್ವಭಾವವನ್ನು ರೋಗಿಯೂ ಮನೆಯವರೂ ಅರಿತಿರಲೇಬೇಕು. ರೋಗವನ್ನು ಹತೋಟಿಯಲ್ಲಿಡುವ ಪ್ರಮಾಣಕ್ಕೂ ದೇಹಕ್ಕೆ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು.

ಹಿನ್ನೆಲೆ

ಜರ್ಮನಿಯ ರಸಾಯನ ವಿಜ್ಞಾನಿ ಹೈನ್ರಿಕ್ ಬಿಲ್ಟ್ಸ್ 1908ರಲ್ಲಿ ಈ ರಾಸಾಯನಿಕವನ್ನು ಮೊದಲು ತಯಾರಿಸಿದರು. ಇದು ಮೂರ್ಛೆಯನ್ನು ತಡೆಯಬಲ್ಲದೆಂಬುದನ್ನು 1938ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯರಾದ ಹ್ಯೂಸ್ಟನ್ ಮೆರಿಟ್ ಮತ್ತು ಟ್ರೇಸಿ ಪಟ್ನಮ್ ಪ್ರಕಟಿಸಿದರು. ಅದುವರೆಗೆ ಬಳಕೆಯಲ್ಲಿದ್ದ ಫಿನೋಬಾರ್ಬಿಟೋನ್‌ನಷ್ಟು ಮಂಪರು ತಾರದಿದ್ದುದೇ ಇದರ ಹೆಗ್ಗಳಿಕೆಯಾಗಿತ್ತು.

ಮೆದುಳಿನ ನರಕೋಶಗಳು ಒಂದೇ ಸಮನೆ ವಿದ್ಯುತ್ ಸಂಕೇತಗಳನ್ನು ಹೊರಸೂಸಿದಾಗ ಮೂರ್ಛೆ ಉಂಟಾಗುತ್ತದೆ. ಕೋಶದೊಳಕ್ಕೆ ಸೋಡಿಯಂ ನುಗ್ಗುವ ದ್ವಾರಗಳನ್ನು ನಿಯಂತ್ರಿಸುವ ಮೂಲಕ ಫೆನಿಟಾಯಿನ್ ಈ ಅತಿರೇಕವನ್ನು ತಡೆಯುತ್ತದೆ. ಎಲ್ಲ ಬಗೆಯ ಮೂರ್ಛೆಗೂ ಇದು ಮದ್ದಲ್ಲ. ಮಕ್ಕಳು ಕ್ಷಣಕಾಲ ಶೂನ್ಯದೃಷ್ಟಿ ಬೀರಿ ನಿಂತುಬಿಡುವ ‘ಆಬ್ಸೆನ್ಸ್’ ಬಗೆಯ ಮೂರ್ಛೆಯನ್ನು ಇದು ಉಲ್ಬಣಗೊಳಿಸಬಹುದು. ಆದ್ದರಿಂದ ಒಬ್ಬರಿಗೆ ಬರೆದ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡುವುದು ಸಲ್ಲದು.

ಪ್ರಮಾಣದ ಸೂಕ್ಷ್ಮ

ಸಾಮಾನ್ಯವಾಗಿ ಒಂದು ಮಿಲಿಲೀಟರ್ ರಕ್ತದಲ್ಲಿ 10ರಿಂದ 20 ಮೈಕ್ರೋಗ್ರಾಂ ಔಷಧವಿರುವುದು ಸೂಕ್ತವೆಂದು ಪರಿಗಣಿಸಲಾಗಿದೆ. ಫೆನಿಟಾಯಿನನ್ನು ಕರಗಿಸಿ ಹೊರಹಾಕುವ ಕೆಲಸ ಯಕೃತ್ತಿನದು. ಆದರೆ ಅದರ ಸಾಮರ್ಥ್ಯಕ್ಕೆ ಮಿತಿಯಿದೆ. ತುಂಬಿ ಹರಿಯುತ್ತಿರುವ ಕೊಳವೆಗೆ ಇನ್ನೊಂದು ಕೊಡ ನೀರು ಸುರಿದರೆ ಅದು ಹೊರಚೆಲ್ಲುವಂತೆ, ಮಿತಿ ತಲುಪಿದ ಬಳಿಕ ಅಲ್ಪ ಹೆಚ್ಚಳವೂ ರಕ್ತದಲ್ಲಿ ಔಷಧದ ಮಟ್ಟವನ್ನು ತೀವ್ರವಾಗಿ ಏರಿಸುತ್ತದೆ. ದಿನಕ್ಕೆ 300 ಮಿಲಿಗ್ರಾಂ ಸೇವಿಸುತ್ತಿದ್ದವರು 400ಕ್ಕೆ ಏರಿಸಿಕೊಂಡರೆ ಆ ಮಟ್ಟ ದುಪ್ಪಟ್ಟಾಗಲೂಬಹುದು. ‘ಒಂದು ಮಾತ್ರೆ ಹೆಚ್ಚಾದರೇನು’ ಎಂಬ ಧೋರಣೆ ಇಲ್ಲಿ ಅಪಾಯಕಾರಿ.

ಪ್ರಮಾಣ ಮೀರಿದಾಗ ಕಣ್ಣುಗುಡ್ಡೆಗಳು ತಾವಾಗಿಯೇ ಅದುರುತ್ತವೆ, ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ಮಂಪರು ಕವಿಯುತ್ತದೆ. ಇಂತಹ ರೋಗಿ ಮದ್ಯಪಾನ ಮಾಡಿರುವನೆಂದು ಸುತ್ತಲಿನವರು ತಪ್ಪಾಗಿ ಭಾವಿಸುವುದುಂಟು. ಈ ಲಕ್ಷಣಗಳು ಕಂಡಾಗ ತಡಮಾಡದೆ ವೈದ್ಯರನ್ನು ಕಾಣಬೇಕು.

ಬ್ರಿಸ್ಬೇನ್ ಪಾಠ

ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ 1968-69ರಲ್ಲಿ, ಪ್ರಮಾಣ ಬದಲಿಸದಿದ್ದರೂ ಫೆನಿಟಾಯಿನ್ ಸೇವಿಸುತ್ತಿದ್ದ ಅನೇಕರಲ್ಲಿ ವಿಷಲಕ್ಷಣಗಳು ಕಾಣಿಸಿಕೊಂಡವು. ಕ್ಯಾಪ್ಸೂಲಿನ ಗಾತ್ರ ತುಂಬಿಸಲು ಬಳಸುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟಿನ ಬದಲು ಲ್ಯಾಕ್ಟೋಸ್ ಬಳಸಿದ್ದೇ ಇದಕ್ಕೆ ಕಾರಣವೆಂದು ತನಿಖೆಯಿಂದ ತಿಳಿದುಬಂತು. ಹೊಸ ಕ್ಯಾಪ್ಸೂಲಿನಿಂದ ಔಷಧ ಹೆಚ್ಚಾಗಿ ರಕ್ತಕ್ಕೆ ಸೇರುತ್ತಿತ್ತು. ಔಷಧದ ಅಂಗಡಿಯಲ್ಲಿ ಬೇರೆ ಕಂಪೆನಿಯ ಮಾತ್ರೆ ಕೊಟ್ಟಾಗ ವೈದ್ಯರಿಗೆ ತಿಳಿಸಬೇಕೆಂಬ ಸಲಹೆಯ ಹಿಂದಿನ ತರ್ಕ ಇದೇ ಆಗಿದೆ. ದ್ರವರೂಪದ ಔಷಧವಾದರೆ ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿ, ಅಳತೆಯ ಮುಚ್ಚಳ ಅಥವಾ ಸಿರಿಂಜಿನಿಂದಲೇ ಕೊಡಬೇಕು. ಅಡುಗೆಮನೆಯ ಚಮಚ ಅಳತೆಯಲ್ಲ.

ಇತರ ಔಷಧಗಳೊಂದಿಗೆ

ಕ್ಷಯರೋಗಕ್ಕೆ ಕೊಡುವ ಐಸೋನಿಯಾಜಿಡ್ ಫೆನಿಟಾಯಿನ್ ಮಟ್ಟವನ್ನು ಏರಿಸಿದರೆ, ಅದೇ ಚಿಕಿತ್ಸೆಯ ರಿಫಾಂಪಿಸಿನ್ ಅದನ್ನು ಇಳಿಸುತ್ತದೆ. ಕ್ಷಯದ ಚಿಕಿತ್ಸೆ ಆರಂಭಿಸುವಾಗಲೂ ಮುಗಿಸುವಾಗಲೂ ಮೂರ್ಛೆಯ ಮಾತ್ರೆಯ ವಿಷಯವನ್ನು ವೈದ್ಯರಿಗೆ ಹೇಳಲೇಬೇಕು. ಶಿಲೀಂಧ್ರ ಸೋಂಕಿನ ಫ್ಲೂಕೊನಜೋಲ್ ಕೂಡ ಮಟ್ಟವನ್ನು ಏರಿಸುತ್ತದೆ. ಹೊಟ್ಟೆಯುರಿಯ ಆಂಟಾಸಿಡ್‌ಗಳನ್ನು ಇದರೊಂದಿಗೆ ಒಟ್ಟಿಗೆ ಸೇವಿಸದೆ ಎರಡು ಗಂಟೆಗಳಾದರೂ ಅಂತರವಿಡುವುದು ಒಳಿತು. ಗರ್ಭನಿರೋಧಕ ಮಾತ್ರೆಗಳ ಪರಿಣಾಮವನ್ನು ಫೆನಿಟಾಯಿನ್ ಕುಗ್ಗಿಸುತ್ತದೆ.

ಅಡ್ಡ ಪರಿಣಾಮಗಳು

ದೀರ್ಘಕಾಲದ ಬಳಕೆಯಿಂದ ವಸಡು ಊದಿಕೊಳ್ಳುವುದು, ಮೈಮೇಲೆ ಕೂದಲು ಹೆಚ್ಚುವುದು, ಮೂಳೆ ದುರ್ಬಲವಾಗುವುದು ಸಾಧ್ಯ. ಹಲ್ಲುಗಳ ಸ್ವಚ್ಛತೆಯಿಂದ ವಸಡಿನ ತೊಂದರೆಯನ್ನು ತಗ್ಗಿಸಬಹುದು. ಚಿಕಿತ್ಸೆ ಆರಂಭಿಸಿದ ಮೊದಲ ಎರಡು ತಿಂಗಳಲ್ಲಿ ಜ್ವರದೊಂದಿಗೆ ಚರ್ಮದ ಮೇಲೆ ದದ್ದು, ಗುಳ್ಳೆ ಅಥವಾ ಬಾಯಿಹುಣ್ಣು ಕಂಡರೆ ಮಾತ್ರ ಕಾಯುವಂತಿಲ್ಲ. ಇದು ಪ್ರಾಣಾಪಾಯದ ಸೂಚನೆಯಾಗಿರಬಹುದು. ಮುಂದಿನ ಮಾತ್ರೆಗೆ ಮೊದಲೇ ಆಸ್ಪತ್ರೆಗೆ ಧಾವಿಸಬೇಕು.

ನಿಲ್ಲಿಸುವುದೇ ದೊಡ್ಡ ಅಪಾಯ

ಹಲವು ತಿಂಗಳು ಮೂರ್ಛೆ ಬಾರದಿದ್ದಾಗ ‘ರೋಗ ಹೋಯಿತು’ ಎಂದು ಮಾತ್ರೆ ಬಿಡುವವರಿದ್ದಾರೆ. ಉಪವಾಸ, ವ್ರತಗಳ ದಿನ ಬಿಡುವವರೂ ಇದ್ದಾರೆ. ಥಟ್ಟನೆ ನಿಲ್ಲಿಸಿದರೆ ಮೂರ್ಛೆಯ ಮೇಲೆ ಮೂರ್ಛೆ ಬಂದು ಜೀವಕ್ಕೇ ಸಂಚಕಾರ ಉಂಟಾಗಬಹುದು. ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷ ಮೂರ್ಛೆ ಮರುಕಳಿಸದಿದ್ದರೆ ಮಾತ್ರ ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸುವ ಯೋಚನೆ ಮಾಡುತ್ತಾರೆ. ಒಂದು ಹೊತ್ತಿನ ಮಾತ್ರೆ ಮರೆತರೆ ನೆನಪಾದಾಗ ಸೇವಿಸಬಹುದು. ಮುಂದಿನ ಹೊತ್ತು ಸಮೀಪಿಸಿದ್ದರೆ ಅದನ್ನು ಬಿಡಬೇಕು. ಎರಡನ್ನೂ ಸೇರಿಸಿ ನುಂಗಬಾರದು.

ಮದುವೆಯ ಬಳಿಕ ಗಂಡನ ಮನೆಯವರಿಗೆ ತಿಳಿಯಬಾರದೆಂದು ಮಾತ್ರೆ ಬಚ್ಚಿಟ್ಟು, ಕೊನೆಗೆ ಬಿಟ್ಟೇಬಿಡುವ ಹೆಣ್ಣುಮಕ್ಕಳ ಪರಿಸ್ಥಿತಿ ಇನ್ನೂ ಕಠಿಣ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆ ರೋಗವನ್ನು ವಿವಾಹಕ್ಕೆ ಅಡ್ಡಿಯೆಂದು ಹೆಸರಿಸಿದ್ದ ಮಾತನ್ನು 1999ರ ತಿದ್ದುಪಡಿಯೇ ತೆಗೆದುಹಾಕಿದೆ. ಕಾನೂನು ಬದಲಾದರೂ ಮನೆಗಳಲ್ಲಿ ಅಳುಕು ಉಳಿದಿದೆ. ಗರ್ಭಾವಸ್ಥೆಯಲ್ಲಿ ಈ ಔಷಧದಿಂದ ಶಿಶುವಿನಲ್ಲಿ ನ್ಯೂನತೆಯ ಸಾಧ್ಯತೆ ಹೆಚ್ಚುವುದರಿಂದ, ಗರ್ಭಧರಿಸುವ ಮೊದಲೇ ವೈದ್ಯರೊಂದಿಗೆ ಚರ್ಚಿಸಿ, ಫೋಲಿಕ್ ಆಮ್ಲ ಆರಂಭಿಸುವುದು ಮತ್ತು ಅಗತ್ಯವಿದ್ದರೆ ಔಷಧ ಬದಲಿಸುವುದು ಸರಿಯಾದ ಕ್ರಮ. ಗರ್ಭಿಣಿಯೆಂದು ತಿಳಿದೊಡನೆ ತಾನಾಗಿ ಮಾತ್ರೆ ನಿಲ್ಲಿಸುವುದು ತಾಯಿ, ಮಗು ಇಬ್ಬರಿಗೂ ಅಪಾಯ.

ಮೂರ್ಛೆ ಬಂದಾಗ

ರೋಗಿಯನ್ನು ಪಕ್ಕಕ್ಕೆ ಮಗ್ಗುಲಾಗಿಸಿ, ಬಿಗಿಯಾದ ಉಡುಪು ಸಡಿಲಿಸಬೇಕು. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು ನಿಷ್ಪ್ರಯೋಜಕ. ಬಾಯಿಗೆ ಚಮಚ, ಬಟ್ಟೆ, ನೀರು, ಮಾತ್ರೆ ಯಾವುದನ್ನೂ ಹಾಕಬಾರದು. ಐದು ನಿಮಿಷ ಮೀರಿದರೆ ಅಥವಾ ಪ್ರಜ್ಞೆ ಮರಳುವ ಮೊದಲೇ ಮತ್ತೆ ಬಂದರೆ 108ಕ್ಕೆ ಕರೆ ಮಾಡಬೇಕು. ಸೇವಿಸುತ್ತಿರುವ ಮಾತ್ರೆಯ ಹೆಸರು ಮತ್ತು ಪ್ರಮಾಣ ಬರೆದ ಚೀಟಿಯೊಂದು ರೋಗಿಯ ಜೇಬಿನಲ್ಲಿ ಸದಾ ಇರಲಿ.

(ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಔಷಧದ ಪ್ರಮಾಣ ಮತ್ತು ಬದಲಾವಣೆಯ ಬಗೆಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರ ಸಲಹೆಯೇ ಅಂತಿಮ.)