ವೇದಿಕೆಗೆ ಮುನ್ನ ಗುರುಮನೆ



ಬಿತ್ತಿದ ಮರುದಿನವೇ ರಾಶಿ ಮಾಡಲು ಹೊರಡುವ ಒಕ್ಕಲಿಗನನ್ನು ನಾವು ಕಂಡಿಲ್ಲ. ಹದವರಿತು ಹರಗಿ, ಬಿತ್ತಿ, ಎಡೆಕುಂಟೆ ಹೊಡೆದು, ಕಳೆ ತೆಗೆದು, ತೆನೆ ಬಲಿಯುವವರೆಗೆ ಕಾಯಬೇಕೆಂಬುದನ್ನು ಭೂಮಿಯ ವಿಷಯದಲ್ಲಿ ಎಲ್ಲರೂ ಬಲ್ಲೆವು. ಆದರೆ ಮನೆಯ ಮಗುವಿನ ಕಂಠದಲ್ಲಿ ಇಂಪು ಕಂಡೊಡನೆ, ಕಾಲಿನಲ್ಲಿ ಕುಣಿತ ಕಂಡೊಡನೆ ಆ ತಾಳ್ಮೆ ನಮ್ಮನ್ನು ಬಿಟ್ಟುಹೋಗುತ್ತದೆ.

ಕಳೆದ ಶ್ರಾವಣದಲ್ಲಿ ಭಕ್ತರೊಬ್ಬರು ಹದಿಮೂರು ವರ್ಷದ ಮಗನನ್ನು ಕರೆದುಕೊಂಡು ಮಠಕ್ಕೆ ಬಂದಿದ್ದರು. "ಅಜ್ಜಾರ, ಹುಡುಗ ಟೀವಿಯೊಳಗ ಹಾಡಾಕ ಹೊಂಟಾನ, ಆಶೀರ್ವಾದ ಮಾಡ್ರಿ" ಎಂದರು. "ಎಷ್ಟು ವರ್ಷ ಕಲಿತಾನಪಾ?" ಎಂದು ಕೇಳಿದೆವು. "ಕಲಿಯೂದೇನ್ರಿ ಅಜ್ಜಾರ, ಮೊಬೈಲ್ ನೋಡಿಕೋತ ತಾನ ಹಾಡ್ತಾನ" ಎಂದು ಅಭಿಮಾನದಿಂದಲೇ ಹೇಳಿದರು. ಹುಡುಗ ಹಾಡಿದ. ಧ್ವನಿ ನಿಜವಾಗಿಯೂ ಮಧುರವಾಗಿತ್ತು. ಆಶೀರ್ವಾದ ಮಾಡಿದೆವು, ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಆ ಅಸಮಾಧಾನಕ್ಕೆ ಕಾರಣವೇನೆಂಬುದನ್ನು ನಮ್ಮ ನಾಡಿನ ಕಲಾ ಇತಿಹಾಸದ ಬೆಳಕಿನಲ್ಲಿ ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಜನರನ್ನು ರಂಜಿಸುವ ವೃತ್ತಿಯನ್ನು ಕೀಳೆಂದು ಭಾವಿಸಿ ನಾವು ಇದನ್ನು ಬರೆಯುತ್ತಿಲ್ಲ. ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ವೇಷ ಧರಿಸಿ ಆಡುತ್ತಿದ್ದ ಬಹುರೂಪಿ ಚೌಡಯ್ಯನಿದ್ದನು. ಢಕ್ಕೆ ನುಡಿಸುವ ಬೊಮ್ಮಣ್ಣನಿದ್ದನು. ಜನರನ್ನು ನಗಿಸುವುದನ್ನೇ ಕಾಯಕವಾಗಿಸಿಕೊಂಡ ನಗೆಯ ಮಾರಿತಂದೆಯಿದ್ದನು. ಇವರೆಲ್ಲರೂ ವಚನಕಾರರು. ಅರಸೊತ್ತಿಗೆಯ ಕಾಲದಲ್ಲಿ ಆಟಗಾರನನ್ನು ಅಂಗಳದಲ್ಲಿಯೇ ನಿಲ್ಲಿಸುತ್ತಿದ್ದ ಸಮಾಜದಲ್ಲಿ ಅವನ ಆಟವನ್ನು ಕಾಯಕವೆಂದು ಗೌರವಿಸಿದ ಪರಂಪರೆ ನಮ್ಮದು. ಆದರೆ ಕಾಯಕವೆಂದ ಮೇಲೆ ಅದಕ್ಕೊಂದು ಶಿಸ್ತುಂಟು. ಬಡಿಗನ ಮಗ ಉಳಿ ಹಿಡಿಯುವುದನ್ನು ಕಲಿಯದೆ ಬಾಗಿಲು ಮಾಡುವುದಿಲ್ಲ. ನೇಕಾರನ ಮಗ ಹಾಸು ಹೊಕ್ಕುಗಳನ್ನು ಅರಿಯದೆ ಮಗ್ಗದ ಮುಂದೆ ಕೂಡುವುದಿಲ್ಲ. ಹಾಡು, ಕುಣಿತ, ಅಭಿನಯಗಳಿಗೆ ಮಾತ್ರ ಕಲಿಕೆ ಬೇಡವೆಂದರೆ ಅವುಗಳನ್ನು ಕಾಯಕದ ಪಂಕ್ತಿಯಿಂದ ನಾವೇ ಹೊರಗೆ ಹಾಕಿದಂತಾಯಿತು.

ಹಿಂದಿನ ತಲೆಮಾರುಗಳಲ್ಲಿ ಕಲಾವಿದನಾಗಬಯಸುವ ಬಾಲಕನಿಗೆ ನಮ್ಮ ನಾಡಿನಲ್ಲಿ ಮುಖ್ಯವಾಗಿ ಮೂರು ಬಾಗಿಲುಗಳಿದ್ದವು. ಒಂದು ಗುರುವಿನ ಮನೆ, ಎರಡನೆಯದು ನಾಟಕದ ಕಂಪನಿ, ಮೂರನೆಯದು ಆಶ್ರಮ.

ಗುರುಮನೆಯ ಮಾತಿಗೆ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರಿಗಿಂತ ಉತ್ತಮ ನಿದರ್ಶನ ಬೇಡ. 1910ರಲ್ಲಿ ಜನಿಸಿದ ಅವರು ಒಂಬತ್ತರ ಹರೆಯದಲ್ಲಿಯೇ ಅಣ್ಣ ಬಸವರಾಜರಿದ್ದ ನಾಟಕ ಮಂಡಳಿಯಲ್ಲಿ ಬಾಲಪಾತ್ರ ವಹಿಸಿ ಹಾಡುತ್ತಿದ್ದರು. ಇಂದಿನ ಲೆಕ್ಕದಲ್ಲಿ ಅವರು ಆಗಲೇ ಗೆದ್ದ ಹುಡುಗ. ಆದರೆ ಹಿರಿಯರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತದ ಪಾಠವಾಯಿತು. ಬಳಿಕ ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪರಂಪರೆಯ ಗಾಯನದ ಶಿಕ್ಷಣ ವರ್ಷಗಟ್ಟಲೆ ನಡೆಯಿತು. ಧ್ವನಿಮುದ್ರಿಕೆಗಳಿಂದ ಹೆಸರು ಬಂದ ಮೇಲೆಯೂ ಅವರು ಜಯಪುರ ಅತ್ರೌಲಿ ಘರಾಣೆಯ ಮಂಜೀಖಾನರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. ಮಂಜೀಖಾನರು 1937ರಲ್ಲಿ ತೀರಿಕೊಂಡಾಗ ಕಲಿಕೆ ಮುಗಿಯಿತೆನ್ನದೆ, ಅವರ ಸಹೋದರ ಭುರ್ಜೀಖಾನರಲ್ಲಿ ಅದನ್ನು ಮುಂದುವರಿಸಿದರು. ಹೆಸರು ಬಂದ ಮೇಲೂ ಕಲಿಯಬೇಕೆನ್ನುವವನೇ ಕಲಾವಿದನೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದು? ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಮನೆ ಬಿಟ್ಟು ಓಡಿಹೋದದ್ದು ವೇದಿಕೆಯನ್ನು ಹುಡುಕಿಕೊಂಡಲ್ಲ, ಗುರುವನ್ನು ಹುಡುಕಿಕೊಂಡು. ಊರೂರು ಅಲೆದ ಬಾಲಕನಿಗೆ ಕೊನೆಗೆ ಗುರು ದೊರೆತದ್ದು ಅದೇ ಕುಂದಗೋಳದಲ್ಲಿ.

ಎರಡನೆಯ ಬಾಗಿಲು ಕಂಪನಿ. 1884ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು ಕೇವಲ ಮನೋರಂಜನೆಯ ಸಂಸ್ಥೆಯೆಂದು ಎಣಿಸುವುದು ತಪ್ಪು. ಅದು ಅನ್ನ ಹಾಕಿ ಕಲಿಸಿದ ಶಾಲೆ. ಗುಬ್ಬಿ ವೀರಣ್ಣನವರೇ ಅಲ್ಲಿಗೆ ಬಾಲನಟರಾಗಿ ಬಂದು ಬೆಳೆದವರು. ಕಂಪನಿಗೆ ಸೇರಿದ ಹುಡುಗ ಮೊದಲ ದಿನವೇ ರಾಜನ ಕಿರೀಟ ಧರಿಸುತ್ತಿರಲಿಲ್ಲ. ಪರದೆ ಎಳೆಯುವುದು, ಸಾಮಾನು ಹೊರುವುದು, ಬಣ್ಣ ಅರೆಯುವುದು, ಹಾರ್ಮೋನಿಯಂ ಮಾಸ್ತರರ ಬಳಿ ಸ್ವರಜ್ಞಾನ ಪಡೆಯುವುದು, ಧ್ವನಿವರ್ಧಕವಿಲ್ಲದೆ ಕೊನೆಯ ಸಾಲಿನ ಪ್ರೇಕ್ಷಕನಿಗೂ ಮಾತು ಮುಟ್ಟಿಸುವುದು, ಇವೆಲ್ಲ ಕಂಪನಿಯ ಪಾಠಗಳಾಗಿದ್ದವು. 1954ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರದಿಂದ ನಾಡಿಗೆ ಪರಿಚಿತರಾದ ರಾಜಕುಮಾರರ ಹಿಂದೆ ಇಂತಹ ರಂಗಭೂಮಿಯ ಹಲವು ವರ್ಷಗಳ ದುಡಿಮೆಯಿತ್ತು. ಮನೆ ಬಿಟ್ಟು ಬಂದು ಗುಬ್ಬಿ ಕಂಪನಿ ಸೇರಿದ ಬಿ.ವಿ. ಕಾರಂತರನ್ನು ವೀರಣ್ಣನವರು ಮುಂದಿನ ಓದಿಗಾಗಿ ಕಾಶಿಗೆ ಕಳುಹಿಸಿದರು. ಚುರುಕಾದ ಹುಡುಗನನ್ನು ಕಂಪನಿಯಲ್ಲಿಯೇ ಉಳಿಸಿಕೊಂಡು ದುಡಿಸಿದ್ದರೆ ಮಾಲಿಕನಿಗೆ ಲಾಭವಿತ್ತು. ಆದರೆ ವೀರಣ್ಣನವರು ಲಾಭಕ್ಕಿಂತ ವಿದ್ಯೆಯನ್ನು ಹಿರಿದೆಂದು ಬಗೆದರು. ಆ ಕಾರಂತರೇ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಶಿಕ್ಷಣ ಪಡೆದು, 1977ರಲ್ಲಿ ಅದರ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು.

ಮೂರನೆಯ ಬಾಗಿಲು ಆಶ್ರಮ. ಇದು ನಮ್ಮ ಹೃದಯಕ್ಕೆ ಅತ್ಯಂತ ಹತ್ತಿರವಾದುದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯ ಹುಟ್ಟುಕುರುಡ. ಅವನ ಅಣ್ಣನೂ ಹಾಗೆಯೇ. ಅಂದಿನ ಸಮಾಜದಲ್ಲಿ ಅಂತಹ ಬಡಮಕ್ಕಳ ಮುಂದೆ ಭಿಕ್ಷೆಯ ಹೊರತು ಬೇರೆ ದಾರಿಯಿರಲಿಲ್ಲ. ಪೂಜ್ಯ ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಆ ಬಾಲಕರ ಕಂಠಮಾಧುರ್ಯವನ್ನು ಗುರುತಿಸಿದರು. ಇಲ್ಲಿ ಒಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ಸ್ವಾಮಿಗಳು ಮನಸ್ಸು ಮಾಡಿದ್ದರೆ ಊರೂರ ಸಭೆಗಳಲ್ಲಿ ಆ ಮಕ್ಕಳನ್ನು ಹಾಡಿಸಿ ಜನರ ಕನಿಕರವನ್ನೂ ಕಾಣಿಕೆಯನ್ನೂ ಸುಲಭವಾಗಿ ಗಳಿಸಬಹುದಿತ್ತು. ಅವರು ಹಾಗೆ ಮಾಡದೆ ಗುರುಗಳನ್ನು ಹುಡುಕಿದರು. ಗದಿಗೆಯ್ಯ ಕರ್ನಾಟಕ ಸಂಗೀತವನ್ನು ಕಲಿತನು. ಅನಂತರ ನೀಲಕಂಠಬುವಾ, ವಹೀದ್ ಖಾನರಂಥ ಗುರುಗಳಿಂದ ಹಿಂದುಸ್ತಾನೀ ಸಂಗೀತವನ್ನೂ ಸಾಧಿಸಿದನು. ಉಭಯಗಾನ ವಿಶಾರದ ಪಂಚಾಕ್ಷರಿ ಗವಾಯಿಗಳೆಂದು ನಾಡಿಗೆ ಪೂಜ್ಯನಾದನು.

ಪಡೆದುದನ್ನು ಹಂಚುವುದೇ ಗವಾಯಿಗಳ ಬಾಳಾಯಿತು. ಅಂಧರಿಗೂ ಬಡವರಿಗೂ ಜಾತಿಭೇದವಿಲ್ಲದೆ ಅನ್ನವಿಕ್ಕಿ ಸಂಗೀತ ಕಲಿಸಿದರು. ಊರಿಂದೂರಿಗೆ ಸಂಚರಿಸುತ್ತಿದ್ದ ಆ ಪಾಠಶಾಲೆ ಗದುಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಯೂರಿತು. ಮಕ್ಕಳ ಹೊಟ್ಟೆ ತುಂಬಿಸಲು ಜೋಳಿಗೆ ಹಿಡಿದರು. ನಾಟಕ ಸಂಘವನ್ನೂ ನಡೆಸಿದರು. 1936ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ಹಂಪೆಯಲ್ಲಿ ನಡೆದಾಗ, ಶಿಷ್ಯ ಬಸವರಾಜ ರಾಜಗುರುಗಳನ್ನು ಮೊದಲ ಬಾರಿಗೆ ದೊಡ್ಡ ಸಭೆಯಲ್ಲಿ ಹಾಡಿಸಿ, ಸ್ವತಃ ಗುರುಗಳೇ ತಬಲಾ ಸಾಥಿಗೆ ಕುಳಿತರು. ಶಿಷ್ಯನನ್ನು ಎಂದು ಸಭೆಯ ಮುಂದೆ ತರಬೇಕೆಂಬುದನ್ನು ಗುರು ನಿರ್ಧರಿಸಿದರು. ತಂದಾಗ ಬೆನ್ನ ಹಿಂದೆ ಆಸರೆಯಾಗಿ ನಿಂತರು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಅರವತ್ತಾರು ವರ್ಷ ಆ ಅಖಂಡ ದಾಸೋಹವನ್ನು ನಡೆಸಿದರು. ಭಕ್ತರು ಅವರಿಗೆ ಮಾಡಿದ ತುಲಾಭಾರಗಳ ಕಾಣಿಕೆ ಆಶ್ರಮದ ಮಕ್ಕಳ ಅನ್ನವಾಯಿತು. ಬಳ್ಳಾರಿ ಸೀಮೆಯ ಜನಪದ ಗಾಯಕರ ಮನೆಯಿಂದ ಬಂದ ವೆಂಕಟೇಶಕುಮಾರರು ಆ ಆಶ್ರಮದಲ್ಲಿ ಹನ್ನೆರಡು ವರ್ಷ ಕಲಿತರೆಂಬುದು ಸಂಗೀತಪ್ರಿಯರೆಲ್ಲರಿಗೂ ತಿಳಿದ ಸಂಗತಿ. ಹನ್ನೆರಡು ವಾರಗಳಲ್ಲ, ಹನ್ನೆರಡು ವರ್ಷ!

ಈ ಮೂರು ಬಾಗಿಲುಗಳಲ್ಲಿಯೂ ಸಮಾನವಾಗಿದ್ದುದೇನು? ಕಲಿಯುವವನ ಅನ್ನದ ಚಿಂತೆಯನ್ನು ಬೇರೊಬ್ಬರು ಹೊತ್ತಿದ್ದರು. ಕಲೆಯ ಕಲಿಕೆ ದೀರ್ಘವಾದುದು. ಆ ಅವಧಿಯಲ್ಲಿ ಅದರಿಂದ ಆದಾಯವಿಲ್ಲ. ಆದಾಯವಿಲ್ಲದ ಆ ವರ್ಷಗಳನ್ನು ಗುರು, ಕಂಪನಿಯ ಮಾಲಿಕ ಅಥವಾ ಭಕ್ತಸಮೂಹ ಸಾಗಿಸಿಕೊಟ್ಟಿತು. ಕಾಲಕ್ರಮದಲ್ಲಿ ಸಂಸ್ಥಾನಗಳ ಆಶ್ರಯ ತಪ್ಪಿತು. ಚಲನಚಿತ್ರದ ಪೈಪೋಟಿಯಲ್ಲಿ ಕಂಪನಿಗಳು ಒಂದೊಂದಾಗಿ ಡೇರೆ ಮಡಚಿದವು. ಅವುಗಳೊಡನೆ ಅವುಗಳ ಪಾಠವೂ ಹೋಯಿತು.

"ನಮ್ಮ ಜನಪದ ಕಲಾವಿದರು ಯಾವ ಶಾಲೆಗೆ ಹೋಗಿದ್ದರು?" ಎಂದು ಕೆಲವರು ಕೇಳುವುದುಂಟು. ಪ್ರಶ್ನೆ ಯೋಗ್ಯವಾದುದೇ. ಆದರೆ ಶಾಲೆಯೆಂದರೆ ಕಟ್ಟಡವಲ್ಲ, ಪ್ರಮಾಣಪತ್ರವೂ ಅಲ್ಲ. ಕರಾವಳಿಯ ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ಮೊದಲು ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿಯಬೇಕಿತ್ತು, ಬಾಲಗೋಪಾಲನಾಗಬೇಕಿತ್ತು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಮುಖ್ಯ ವೇಷಕ್ಕೆ ಬರಬೇಕಿತ್ತು. ಆಟದ ಅವಧಿ ಮೊಟಕಾಗಿ ಪೂರ್ವರಂಗ ಕಿರಿದಾದಾಗ ಕಲಿಯುವವನ ಮೆಟ್ಟಿಲುಗಳೇ ಮಾಯವಾದವು. ಆದುದರಿಂದಲೇ 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಹುಟ್ಟಬೇಕಾಯಿತು. ಹೆಗ್ಗೋಡಿನಂತಹ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದು, ಹಳ್ಳಿಯ ಯುವಕರಿಗೂ ಮಾತು, ಚಲನೆ, ಬೆಳಕು, ಪ್ರಸಾಧನಗಳನ್ನು ಕ್ರಮಬದ್ಧವಾಗಿ ಕಲಿಸಿತು. ಸಾಣೇಹಳ್ಳಿಯ ಶ್ರೀಮಠವು 1987ರಲ್ಲಿ ಶಿವಕುಮಾರ ಕಲಾಸಂಘವನ್ನೂ 1997ರಲ್ಲಿ ಶಿವಸಂಚಾರವನ್ನೂ ಆರಂಭಿಸಿ, ರಂಗಶಿಕ್ಷಣಕ್ಕೂ ಮಠದ ದಾಸೋಹದಲ್ಲಿ ಸ್ಥಾನವುಂಟೆಂದು ತೋರಿಸಿಕೊಟ್ಟಿತು. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವೇ ಇದೆ. ಇವೆಲ್ಲವೂ ಸಂತೋಷದ ಸಂಗತಿಗಳು. ಆದರೆ ಊರೂರಿನ ಬಡ ಪ್ರತಿಭೆಗಳೆಲ್ಲ ಈ ಕೆಲವೇ ಬಾಗಿಲುಗಳವರೆಗೆ ಬರಲಾರವು.

ಇನ್ನು ನಮ್ಮದೇ ಒಂದು ತಪ್ಪನ್ನು ನಿವೇದಿಸದೆ ಈ ಲೇಖನವನ್ನು ಮುಗಿಸುವುದು ಪ್ರಾಮಾಣಿಕವಾಗದು.

ನಾವು ಪೀಠಕ್ಕೆ ಬಂದ ಹೊಸತರಲ್ಲಿ ಮಠದ ಪ್ರಸಾದನಿಲಯದಲ್ಲಿ ಹನ್ನೆರಡು ವರ್ಷದ ಬಾಲಕನೊಬ್ಬನಿದ್ದನು. ಅವನು ವಚನ ಹಾಡಿದರೆ ಸಭೆಯ ಗದ್ದಲ ತಾನಾಗಿ ಅಡಗುತ್ತಿತ್ತು. ಜಾತ್ರೆ, ಪುರಾಣ ಮಂಗಲ, ಶಿವಾನುಭವಗೋಷ್ಠಿ ಎಲ್ಲೆಡೆಯೂ ಅವನನ್ನೇ ಹಾಡಿಸಿದೆವು. ವೃದ್ಧ ಗವಾಯಿಗಳೊಬ್ಬರು ಬಂದು, "ಈ ಕೂಸನ್ನ ಐದು ವರ್ಷ ನನಗ ಕೊಡ್ರಿ, ಆಮ್ಯಾಲೆ ನಿಮಗ ಕೊಡ್ತೀನಿ" ಎಂದರು. ಜಾತ್ರೆ ಮುಗಿಯಲೆಂದು ನಾವು ಹೇಳಿದೆವು. ಒಂದು ಜಾತ್ರೆ ಮುಗಿಯುವಷ್ಟರಲ್ಲಿ ಇನ್ನೊಂದು ಬಂತು. ಹದಿನೈದರ ಹೊತ್ತಿಗೆ ಅವನ ಕಂಠ ಒಡೆಯಿತು. ಆ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ಬೆಳೆಯುವುದರಿಂದ ಗಂಡುಮಕ್ಕಳ ಧ್ವನಿ ಇಳಿಯುವುದು ಸಹಜ. ಬಲ್ಲ ಗುರು ಆಗ ತಾರಸ್ಥಾಯಿಯನ್ನು ಬಿಡಿಸಿ, ಮಂದ್ರದ ಸಾಧನೆಯಿಂದ ಕಂಠವನ್ನು ಕಾಪಾಡುತ್ತಾನೆ. ಹುಡುಗನಿಗೆ ಗುರುವಿರಲಿಲ್ಲ. ಹಳೆಯ ಎತ್ತರದಲ್ಲಿಯೇ ಹಾಡಬೇಕೆಂದು ಜನ ಬಯಸಿದರು, ನಾವೂ ಬಯಸಿದೆವು. ಮುಂದೆ ವಾದ್ಯಗೋಷ್ಠಿಯವರೊಡನೆ ನಡುರಾತ್ರಿಯವರೆಗೆ ಕೂಗಿ ಹಾಡಿ ಅವನ ಕಂಠ ಶಾಶ್ವತವಾಗಿ ಒಡಕಾಯಿತು.

ಇಂದು ಅವನು ಧ್ವನಿವರ್ಧಕಗಳನ್ನು ಬಾಡಿಗೆಗೆ ಕೊಡುತ್ತಾನೆ. ನಮ್ಮ ಜಾತ್ರೆಗೆ ಹಣ ಪಡೆಯದೆ ತಾನೇ ಬಂದು ತಂತಿ ಕಟ್ಟುತ್ತಾನೆ, ಪಾದಕ್ಕೆ ನಮಸ್ಕರಿಸುತ್ತಾನೆ. ಒಂದು ದಿನವೂ ಆಕ್ಷೇಪದ ಮಾತಾಡಿಲ್ಲ. ಕುಮಾರ ಮಹಾಸ್ವಾಮಿಗಳು ಗದಿಗೆಯ್ಯನಿಗೆ ಮಾಡಿದುದನ್ನು ನಾವು ಈ ಮಗುವಿಗೆ ಮಾಡಲಿಲ್ಲವೆಂಬುದು ಪ್ರತಿ ಜಾತ್ರೆಯಲ್ಲಿಯೂ ನಮ್ಮ ನೆನಪಿಗೆ ಬರುತ್ತದೆ.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮಗುವಿನಲ್ಲಿ ಕಲೆಯ ಕುರುಹು ಕಂಡರೆ ಸಂತೋಷಪಡಿರಿ. ಆದರೆ ಮೊದಲು ಸ್ಪರ್ಧೆಯನ್ನಲ್ಲ, ಗುರುವನ್ನು ಹುಡುಕಿರಿ. ಸ್ಪರ್ಧೆಗೆ ಕಳುಹಿಸುವುದಾದರೆ ಗುರುವಿನ ಒಪ್ಪಿಗೆಯಿಂದ ಕಳುಹಿಸಿರಿ. ಚಪ್ಪಾಳೆ ನಿಂತ ಮೇಲೂ ಮಗುವಿನ ಕೈಯಲ್ಲಿ ಉಳಿಯುವ ವಿದ್ಯೆ ಯಾವುದೆಂದು ಕೇಳಿಕೊಳ್ಳಿರಿ. ಯುವಕರಿಗೆ ಹೇಳುವುದಿಷ್ಟು: ಮೊಬೈಲಿನಲ್ಲಿ ಹಾಡು ಕೇಳಬಹುದು, ಕುಣಿತ ನೋಡಬಹುದು, ಆದರೆ ನಿಮ್ಮ ಶ್ರುತಿ ತಪ್ಪಿದಾಗ, ತಾಳ ಜಾರಿದಾಗ ಅದು ನಿಮ್ಮನ್ನು ತಡೆದು ತಿದ್ದಿ ಕೂರಿಸಲಾರದು. ತಿದ್ದುವವನೊಬ್ಬ ಎದುರಿಗೆ ಬೇಕು.

ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ಮಾತು. ತಾವು ಮಠದ ಪ್ರಸಾದವುಂಡು ಓದಿ, ಶಿಕ್ಷಕರಾಗಿ, ವೈದ್ಯರಾಗಿ, ಅಧಿಕಾರಿಗಳಾಗಿ ಬೆಳೆದಿರಿ. ಪಠ್ಯ ಓದುವ ಬಾಲಕನಿಗೆ ದೊರೆತ ಆ ಅನ್ನ ಹಾಡುವ ಬಾಲಕನಿಗೂ ದೊರೆಯಬೇಕು. ಬರುವ ವರ್ಷದಿಂದ ಪ್ರಸಾದನಿಲಯದಲ್ಲಿ ಸಂಗೀತಕ್ಕೂ ರಂಗಕಲೆಗೂ ಮೀಸಲಾಗಿ ನಾಲ್ವರು ಮಕ್ಕಳಿಗೆ ಸ್ಥಳ ಕೊಡಬೇಕೆಂದು ಸಂಕಲ್ಪಿಸಿದ್ದೇವೆ. ವಸತಿ ಮತ್ತು ಪ್ರಸಾದವನ್ನು ಮಠ ನೋಡಿಕೊಳ್ಳುವುದು. ಗುರುಗಳ ಸಂಭಾವನೆ, ತಂಬೂರಿ, ತಬಲಾಗಳ ಹೊಣೆಯನ್ನು ತಾವು ಹೊರಬೇಕು. ಆ ಮಕ್ಕಳು ಗುರುಗಳು ಒಪ್ಪುವವರೆಗೆ ನಮ್ಮ ಜಾತ್ರೆಯ ವೇದಿಕೆಯನ್ನು ಸಹ ಏರುವುದಿಲ್ಲ. ಭಕ್ತರು ಇದಕ್ಕಾಗಿ ಬೇಸರಿಸಬಾರದು.

ಶ್ರಾವಣದಲ್ಲಿ ಬಂದಿದ್ದ ಆ ತಂದೆಗೂ ಇದೇ ಮಾತನ್ನು ಹೇಳಿ ಕಳುಹಿಸಿದ್ದೇವೆ. ಒಂದು ಸ್ಥಳ ಅವರ ಮಗನಿಗಾಗಿ ಕಾದಿದೆ. ಅವನ ಧ್ವನಿ ಇನ್ನೂ ಒಡೆದಿಲ್ಲ.

ನಾಡಿನ ಮಕ್ಕಳ ಕಲೆ ಗುರುವಿನ ಆಸರೆಯಲ್ಲಿ ಬೆಳೆದು ಫಲಿಸಲೆಂದು ಹಾರೈಸುತ್ತೇವೆ. ಸರ್ವರಿಗೂ ಶುಭವಾಗಲಿ.