ಹಾವೇರಿ ಜಿಲ್ಲೆಯ ತಾಂತ್ರಿಕ ಶಿಕ್ಷಣದಲ್ಲಿ ತಂತ್ರಾಂಶ ವಿನ್ಯಾಸ ಮಾದರಿಗಳು

ಹಾವೇರಿಯು ಧಾರವಾಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಇಲ್ಲಿನ ಇಂಜಿನಿಯರಿಂಗ್ ಶಿಕ್ಷಣ ಅದಕ್ಕಿಂತ ಹಳೆಯದು. ರಾಣೆಬೆನ್ನೂರಿನ ಶ್ರೀ ತರಳಬಾಳು ಜಗದ್ಗುರು ತಾಂತ್ರಿಕ ಮಹಾವಿದ್ಯಾಲಯವು 1980ರಲ್ಲಿ ಆರಂಭವಾಯಿತು. ಹಾವೇರಿ ಸಮೀಪದ ದೇವಗಿರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು 2007ರಲ್ಲಿ ಬಂದಿತು. ಇವೆರಡೂ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿರುವುದರಿಂದ, ಇಲ್ಲಿನ ವಿದ್ಯಾರ್ಥಿಯು ತಂತ್ರಾಂಶ ವಿನ್ಯಾಸವನ್ನು ಹೇಗೆ ಕಲಿಯಬೇಕೆಂಬುದನ್ನು ಬಹುಮಟ್ಟಿಗೆ ಆ ವಿಶ್ವವಿದ್ಯಾಲಯದ ಪಠ್ಯಕ್ರಮವೇ ನಿರ್ಧರಿಸಿತು.

ಮತ್ತೆ ಮತ್ತೆ ಎದುರಾಗುವ ಸಮಸ್ಯೆಗೆ ಅನುಭವದಿಂದ ಸಿದ್ಧಿಸಿದ ಪರಿಹಾರವನ್ನು ಹೆಸರಿಟ್ಟು ದಾಖಲಿಸಿದಾಗ ಅದು ವಿನ್ಯಾಸ ಮಾದರಿ, ಅರ್ಥಾತ್ ಡಿಸೈನ್ ಪ್ಯಾಟರ್ನ್, ಎನಿಸುತ್ತದೆ. ಈ ಕಲ್ಪನೆ ಮೂಲತಃ ಕಟ್ಟಡ ಕಟ್ಟುವವರದು. ಕ್ರಿಸ್ಟೋಫರ್ ಅಲೆಕ್ಸಾಂಡರ್ ಮತ್ತು ಸಂಗಡಿಗರು 1977ರಲ್ಲಿ ಇಂತಹ 253 ಮಾದರಿಗಳನ್ನು ಪ್ರಕಟಿಸಿದರು. ತಂತ್ರಾಂಶಕ್ಕೆ ಸಂಬಂಧಿಸಿದ 23 ಮಾದರಿಗಳ ಪ್ರಸಿದ್ಧ ಗ್ರಂಥವನ್ನು ಎರಿಕ್ ಗಾಮಾ ಮೊದಲಾದ ನಾಲ್ವರು 1994ರಲ್ಲಿ ಹೊರತಂದರು. ವಿಶ್ವವಿದ್ಯಾಲಯದ 2006ರ ಪಠ್ಯಕ್ರಮವಾದರೋ ಫ್ರಾಂಕ್ ಬುಷ್‌ಮನ್ ಮತ್ತು ಸಂಗಡಿಗರ 1996ರ ಗ್ರಂಥವನ್ನು ಆಶ್ರಯಿಸಿತು. ಕಂಪ್ಯೂಟರ್ ಸೈನ್ಸ್ ವಿಭಾಗದ ಏಳನೆಯ ಸೆಮಿಸ್ಟರಿನ ‘ಆಬ್ಜೆಕ್ಟ್ ಓರಿಯೆಂಟೆಡ್ ಮಾಡೆಲಿಂಗ್ ಅಂಡ್ ಡಿಸೈನ್’ ಪತ್ರಿಕೆಯ ಎಂಟು ಘಟಕಗಳಲ್ಲಿ ಕೊನೆಯ ಎರಡು ಈ ಮಾದರಿಗಳಿಗೆ ಮೀಸಲಾದವು.

ಪರೀಕ್ಷೆಯ ನಿಯಮ ಇಲ್ಲಿ ಮುಖ್ಯವಾಗುತ್ತದೆ. ಎಂಟು ಪ್ರಶ್ನೆಗಳಲ್ಲಿ ಐದನ್ನು, ಪ್ರತಿ ಭಾಗದಿಂದ ಕನಿಷ್ಠ ಎರಡನ್ನು, ಉತ್ತರಿಸಿದರೆ ಸಾಕಾಗಿತ್ತು. ಮೊದಲ ಭಾಗದಿಂದ ಮೂರು, ಎರಡನೆಯ ಭಾಗದ ಐದು ಮತ್ತು ಆರನೆಯ ಘಟಕಗಳಿಂದ ಎರಡು ಪ್ರಶ್ನೆಗಳನ್ನು ಆರಿಸಿಕೊಂಡವನು ವಿನ್ಯಾಸ ಮಾದರಿಗಳ ಒಂದು ಪುಟವನ್ನೂ ತೆರೆಯದೆ ಪೂರ್ಣ ನೂರು ಅಂಕಗಳಿಗೆ ಉತ್ತರ ಬರೆಯಬಹುದಾಗಿತ್ತು. ಓದಿದವನಿಗಾದರೂ ಸಮಸ್ಯೆಯ ಅನುಭವಕ್ಕೆ ಮೊದಲೇ ಪರಿಹಾರದ ರೇಖಾಚಿತ್ರ ಕೈಗೆ ಬರುತ್ತಿತ್ತು.

ಸಮಸ್ಯೆ ದೂರವೇನೂ ಇರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಟೆಂಡರಿನ ದರ ಘೋಷಣೆಯಾದೊಡನೆ ಅದು ರೈತ, ದಲಾಲ ಮತ್ತು ಖರೀದಿದಾರ ಮೂವರಿಗೂ ತಲುಪಬೇಕು. ದರ ಒಪ್ಪುವುದೋ ಬಿಡುವುದೋ ಎಂಬ ರೈತನ ತೀರ್ಮಾನ ಅದನ್ನೇ ಅವಲಂಬಿಸಿದೆ. ಒಂದೆಡೆಯ ಬದಲಾವಣೆಯನ್ನು ನೋಂದಾಯಿತರೆಲ್ಲರಿಗೂ ತಿಳಿಸುವ ಈ ಕ್ರಮವನ್ನೇ ಏಳನೆಯ ಘಟಕವು ‘ಪಬ್ಲಿಷರ್-ಸಬ್‌ಸ್ಕ್ರೈಬರ್’ ಎಂಬ ಹೆಸರಿನಲ್ಲಿ ವಿವರಿಸುತ್ತಿತ್ತು. ರಾಜ್ಯದ ಮಾರುಕಟ್ಟೆಗಳನ್ನು ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆಯು 2014ರಿಂದ ಇಂತಹ ಕೆಲಸವನ್ನು ತಂತ್ರಾಂಶಕ್ಕೆ ವಹಿಸಿತು.

2015ರ ಪಠ್ಯಕ್ರಮದಲ್ಲಿ ಘಟಕಗಳು ಐದಾದವು. ಪ್ರತಿಯೊಂದರಿಂದಲೂ ಉತ್ತರಿಸುವುದು ಕಡ್ಡಾಯವಾದ್ದರಿಂದ ಮಾದರಿಗಳನ್ನು ಬಿಟ್ಟು ಓದುವ ದಾರಿ ಮುಚ್ಚಿತು. ಆದರೆ ಅದೇ ಪಠ್ಯಕ್ರಮದಲ್ಲಿ ಆ ಪತ್ರಿಕೆಯೇ ಐದನೆಯ ಸೆಮಿಸ್ಟರಿನ ಐಚ್ಛಿಕ ವಿಷಯವಾಯಿತು.