ಆಶ್ಚರ್ಯಸೂಚಕವಿದ್ದ ಗೂಗಲ್

1998ರ ಗೂಗಲ್ ಪುಟದಲ್ಲಿ ಹೆಸರಿನ ಕೊನೆಗೊಂದು ಆಶ್ಚರ್ಯಸೂಚಕ ಚಿಹ್ನೆಯಿತ್ತು. ಹೆಸರಿನಲ್ಲೇ ಆ ಚಿಹ್ನೆಯಿದ್ದ ಯಾಹೂವಿನ ಗಾಳಿ ಆಗ ಅಷ್ಟು ಜೋರು! 2013ರಲ್ಲಿ ಹದಿನೈದು ತುಂಬಿದಾಗ ಗೂಗಲ್ ಆ ಹಳೆಯ ವೇಷವನ್ನು ಮತ್ತೆ ತೊಟ್ಟಿತು: 'ಗೂಗಲ್ ಇನ್ 1998' ಎಂದು ಹುಡುಕಿದರೆ ಸಾದಾ ಗುಂಡಿಗಳ, ಅಡಿಗೆರೆ ಎಳೆದ ನೀಲಿ ಕೊಂಡಿಗಳ ಪುಟ ತೆರೆಯುತ್ತಿತ್ತು.

ಆಸ್ಟ್ರಿಯದ ಮಾಸ್‌ವರ್ಕ್ ಎಂಬ ತಾಣ ಇನ್ನೂ ತುಂಟ. ಅದರ 'ಗೂಗಲ್60' ಎಂದೂ ಇರದಿದ್ದ ಗತಕಾಲವನ್ನೇ ಕಟ್ಟಿತು. ಅಲ್ಲಿ ಪ್ರಶ್ನೆ ಹೋಗುವುದು ತೂತು ಕೊರೆದ ಕಾರ್ಡಿನಲ್ಲಿ.

ಇಂಥ ಮರುಸೃಷ್ಟಿಗಳು ಹಳೆಯ ಚಂದವನ್ನಷ್ಟೇ ತೋರಿಸುತ್ತವೆ, ಪಾಡನ್ನಲ್ಲ. ಮಂಜರಾಬಾದ್ ಕೋಟೆ, ಬಿಸಿಲೆ ಘಾಟಿ, ಆಲೂರು ಎಂದು ಕನ್ನಡದಲ್ಲೇ ಹುಡುಕುವ ಅನುಕೂಲ ಅಂದಿನ ಸಕಲೇಶಪುರದವರಿಗೆ ಇರಲಿಲ್ಲ. 'ವಿಶ್ವಕನ್ನಡ' ತಾಣ 1996ರಲ್ಲೇ ಅಂತರಜಾಲಕ್ಕೆ ಬಂದಿದ್ದರೂ, ಆ ಕಾಲದ ಕನ್ನಡ ತಾಣಗಳನ್ನು ಓದಲು ಅವುಗಳದೇ ಫಾಂಟ್ ಬೇಕಾಗುತ್ತಿತ್ತು. ಈ ತೊಡಕು ನೀಗಿಸುವ ಕನ್ನಡ ಯೂನಿಕೋಡ್ ಬೆಂಬಲವಿದ್ದ ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರಲ್ಲಿ.